ಮೊದಲ ಅನಿಸಿದ್ದು ಬರೀರಿ, ಆಮ್ಯಾಲ ಅಳೀರಿ

ಹೋದ ಏಪ್ರಿಲ್‌ದಾಗ ನವಲಗುಂದ ಕಡೆ ನಮ್ಮ ಹೊಲಕ್ಕ ಹೋಗಿದ್ದೆ. ಕಡ್ಲಿ ಕಿತ್ತು ಎರಡು ತಿಂಗಳಾಗಿತ್ತು, ಎರಿಭೂಮಿ ಬಿಸಲಿಗೆ ಒಣಗಿ ಕೈ ಒಳಗ ಹೋಗೂವಷ್ಟು ಬಿರಕು ಬಿಟ್ಟಿತ್ತು. ನಾನು ಹೈಸ್ಕೂಲಿನ್ಯಾಗ ಡ್ರಾಯಿಂಗ್ ಮಾಸ್ತರ, ಎಲ್ಲಿ ಹೋದ್ರೂ ಸ್ಕೆಚ್‌ಬುಕ್ ಜೋಡಿ ಇರ್ತೈತಿ, ಬದುವಿನ ಮ್ಯಾಲ ಕುಂತು ಆ ಬಿರಕಿನ ಚಿತ್ರ ತಗದೆ. ಜೇನುಗೂಡಿನಂಗ ಆರು ಮೂಲಿ ಆರು ಮೂಲಿ, ಒಂದಕ್ಕೊಂದು ಹೊಂದಿಕೊಂಡು, ಭಾಳ ಛಂದ ಬಂತು. ಜೋಡಿ ಬಂದಿದ್ದ ಅಕ್ಕನ ಮಗಳು, ಬಿ.ಎಸ್ಸಿ ಓದಾಕತ್ತಾಳ, ಚಿತ್ರ ನೋಡಿದ್ಲು, ನೆಲ ನೋಡಿದ್ಲು, "ಮಾಮಾ, ಜೇನುಗೂಡು ಎಲ್ಲೈತಿ ತೋರಸ್ರಿ" ಅಂದ್ಲು. ತೋರಸಾಕ ಹೋದ್ರ ಒಂದೂ ಸಿಗವಲ್ದು. ಅಲ್ಲಿದ್ದದ್ದು ಹೆಚ್ಚಾಗಿ ನಾಕು ಮೂಲಿ ಹೆಂಟಿ, ಒಂದು ಉದ್ದ ಬಿರಕಿಗೆ ಇನ್ನೊಂದು ಬಿರಕು ಬಂದು ನೆಟ್ಟಗ ಹಾಯ್ದಿತ್ತು, ಇಂಗ್ಲೀಷ್ ಟಿ ಅಕ್ಷರದಂಗ. ನಾನು ನೋಡಿದ್ದು ನೆಲ ಆಗಿರ್ಲಿಲ್ಲ, ಎಂದೋ ಯಾವುದೋ ಪುಸ್ತಕದಾಗ ಕಂಡಿದ್ದ ಫೋಟೋ ನನ್ನ ಕಣ್ಣಾಗ ಕುಂತಿತ್ತು.

ಆದ್ರ ಅವತ್ತಿನ ಪೂರ್ತಿ ಕಥಿ ಅಷ್ಟಕ್ಕ ಮುಗೀಲಿಲ್ಲ, ಯಾಕಂದ್ರ ಜೇನುಗೂಡಿನಂಗ ಐತಿ ಅಂತ ನಾನು ಬರೀದಿದ್ರ, ಹೌದೋ ಅಲ್ಲೋ ಅಂತ ಅಕಿ ಕೇಳ್ತಿರ್ಲಿಲ್ಲ, ಕೇಳದಿದ್ರ ಇಬ್ರೂ ಹೊಲದಾಗ ಕುಂತು ಕೋನ ಅಳೀತಿರ್ಲಿಲ್ಲ. ಅನಿಸಿಕಿ ತಪ್ಪಿತ್ತು, ಖರೇ, ಆದ್ರ ಪ್ರಶ್ನೆ ಹುಟ್ಟಿದ್ದು ಅದರಿಂದನ. ಅವತ್ತಿನಿಂದ ನಾವಿಬ್ರೂ ಒಂದ ನೋಟ್‌ಬುಕ್ಕಿನ್ಯಾಗ ಕೆಲಸ ಮಾಡಾಕತ್ತೀವಿ, ಎಡಗಡೆ ಪುಟ ಮನಸಿಗೆ ಅನಿಸಿದ್ದಕ್ಕ, ಬಲಗಡೆ ಪುಟ ಅಳತಿಗೆ. ಇದನ್ನ ಯಾರ್ ಬೇಕಾದ್ರೂ ಮಾಡಬಹುದು, ಚಿತ್ರ ಬರದವ್ರೂ ಮಾಡಬಹುದು, ಸೈನ್ಸ್ ಓದದವ್ರೂ ಮಾಡಬಹುದು. ಹೆಂಗ ಅಂತ ಒಂದೊಂದ ಹೇಳ್ತೀನಿ.

1. ಸಾಮಾನು

ಗೆರಿ ಇಲ್ಲದ ನೋಟ್‌ಬುಕ್ ಒಂದು, ಎಚ್‌ಬಿ ಪೆನ್ಸಿಲ್ ಒಂದು, ಮಕ್ಕಳ ಕಂಪಾಸ್ ಬಾಕ್ಸಿನ್ಯಾಗಿನ ಸ್ಕೇಲು ಮತ್ತ ಕೋನಮಾಪಕ, ಒಂದು ಮಾರು ದಾರ, ಸಿಕ್ರ ಒಂದು ಭೂತಗನ್ನಡಿ. ಬಣ್ಣದ ಡಬ್ಬಿ ಈಗ ಬ್ಯಾಡ. ರಬ್ಬರ್ ಅಂತೂ ಮನ್ಯಾಗ ಬಿಟ್ಟು ಹೋಗ್ರಿ, ತಪ್ಪು ಗೆರಿ ಅಳಿಸಿದ್ರ ನಿಮ್ಮ ಕಣ್ಣು ಎಲ್ಲಿ ಎಡವಿತ್ತು ಅನ್ನೂ ದಾಖಲೆನೂ ಅಳಿಸಿ ಹೋಗ್ತೈತಿ, ತಪ್ಪಿನ ಬಾಜೂಕ ಇನ್ನೊಂದು ಗೆರಿ ಎಳೀರಿ ಸಾಕು. ಮೊಬೈಲ್ ಕಿಸೆದಾಗ ಇರ್ಲಿ, ಅದರ ಕೆಲಸ ಕಡೀಕ ಬರ್ತೈತಿ.

2. ಒಂದ ಜಾಗ ಹಿಡೀರಿ

ಧಾರವಾಡದವ್ರಿಗೆ ಸಾಧನಕೇರಿ ಐತಿ, ಕೆಲಗೇರಿ ಕೆರಿ ಐತಿ, ಹುಬ್ಬಳ್ಳಿಯವ್ರಿಗೆ ಉಣಕಲ್ ಕೆರಿ, ನೃಪತುಂಗ ಬೆಟ್ಟ, ಗದಗದವ್ರಿಗೆ ಕಪ್ಪತಗುಡ್ಡ, ಹಾವೇರಿಯವ್ರಿಗೆ ಹೆಗ್ಗೇರಿ. ಆದ್ರ ಶುರುವಾತಿಗೆ ನಾನು ಹೇಳೂದು ನಿಮ್ಮ ಕಂಪೌಂಡಿನ್ಯಾಗ ಇರೂ ಒಂದು ಬೇವಿನ ಗಿಡ, ಇಲ್ಲಾ ಓಣಿ ಕಡೀಕ ಇರೂ ಹುಲಗಲ ಗಿಡ. ದೂರದ ಜಾಗಕ್ಕ ವರ್ಷಕ್ಕ ಎರಡು ಸರ್ತಿ ಹೋಗ್ತೀರಿ, ಓಣಿ ಗಿಡ ದಿನಾ ಕಾಣ್ತೈತಿ.

ದಿನಕ್ಕ ಕಾಲು ತಾಸು ಸಾಕು. ಇದು ನಾನು ಮಾಡಿದ ಲೆಕ್ಕ ಅಲ್ರಿ, 1840ರ ದಶಕದಾಗ ನಮ್ಮ ಶಿವಮೊಗ್ಗದಾಗ ಇದ್ದ ಹ್ಯೂ ಕ್ಲೆಗ್‌ಹಾರ್ನ್ ಅನ್ನೂ ಸ್ಕಾಟ್ಲೆಂಡಿನ ಡಾಕ್ಟರು ದಿನಕ್ಕೊಂದು ಗಿಡ ಹಿಡಕೊಂಡು ಕಾಲು ತಾಸು ನೋಡೂ ರೂಢಿ ಮಾಡ್ಕೊಂಡಿದ್ರು, ಅವುಗಳ ಚಿತ್ರ ಬರಿಯಾಕ ಒಬ್ಬ ಮರಾಠಾ ಚಿತ್ರಗಾರನ್ನ ಇಟ್ಕೊಂಡಿದ್ರು. ಮುಂದ ಅವ್ರು ಮದ್ರಾಸ್ ಪ್ರಾಂತ್ಯದ ಅರಣ್ಯ ಇಲಾಖೆ ಕಟ್ಟಿದವ್ರು. ಒಬ್ಬ ನೋಡಾವ, ಒಬ್ಬ ಬರಿಯಾವ, ಇಬ್ರೂ ಒಂದ ಗಿಡದ ಮುಂದ. ನಾವು ಎರಡೂ ಕೆಲಸ ಒಬ್ರ ಮಾಡಾಕ ಹೊಂಟೀವಿ ಅಷ್ಟ.

3. ಮೊದಲ ಐದು ನಿಮಿಷ ಸ್ಕೇಲ್ ಮುಟ್ಟಬ್ಯಾಡ್ರಿ

ಪುಟದ ಮ್ಯಾಲ ತಾರೀಖು, ಟೈಮು, ಜಾಗ, ಹವಾ ಹೆಂಗೈತಿ ಅಂತ ಬರದು, ಎಡಗಡೆ ಪುಟದಾಗ ಮನಸಿಗೆ ಬಂದದ್ದು ಬರೀರಿ. ಯಾವುದರಂಗ ಐತಿ? ಏನ್ ನೆನಪಾತು? ಎಲ್ಲಿ ಕಣ್ಣು ನಿಲ್ತು? ಬೇವಿನ ತೊಗಟಿ ನೋಡಿ "ಸುಟ್ಟ ರೊಟ್ಟಿ ಮ್ಯಾಲಿನ ಗೆರಿ" ಅಂತ ಅನಿಸಿದ್ರ ಹಂಗ ಬರೀರಿ, ನಾಚಿಕೊಬ್ಯಾಡ್ರಿ, ಛಂದ ವಾಕ್ಯ ಮಾಡಾಕೂ ಹೋಗಬ್ಯಾಡ್ರಿ. ನಿಮ್ಮ ಮನಿ ಮಾತಿನ್ಯಾಗ ಬರೀರಿ, ಯಾಕಂದ್ರ ನಮ್ಮ ಮಂದಿ ಮಾತಿನ್ಯಾಗ ನೋಟ ಭಾಳ ಐತಿ. ನಮ್ಮ ಅವ್ವ ಎರಿಮಣ್ಣಿಗೆ "ಬ್ಯಾಸಗಿ ಒಳಗ ಬಾಯಿ ತಗೀತೈತಿ, ಮಳಿ ಒಳಗ ಕಾಲು ಹಿಡೀತೈತಿ" ಅಂತಾಳ. ಆ ಮಣ್ಣಿನ ಜೇಡಿ ಕಣದ ಪದರದ ನಡುವ ನೀರು ಹೊಕ್ಕು ಉಬ್ಬತೈತಿ, ಒಣಗಿದ್ರ ಕುಗ್ಗತೈತಿ ಅಂತ ಪುಸ್ತಕದಾಗ ಐತಲ್ಲಾ, ಅದರ ಎರಡೂ ಕಡೆ ಅವ್ವನ ಒಂದು ಮಾತಿನ್ಯಾಗ ಬಂದಾವ.

ಅನಿಸಿದ್ದನ್ನ ಅಳಿಯೂಕಿಂತ ಮೊದಲ ಯಾಕ ಬರೀಬೇಕು ಅಂದ್ರ, ಅಳದ ಮ್ಯಾಲ ಮನಸು ಸುಳ್ಳು ಹೇಳಾಕ ಶುರು ಮಾಡ್ತೈತಿ, "ನನಗ ಮೊದಲ ಗೊತ್ತಿತ್ತು" ಅಂತೈತಿ. ಪೆನ್ಸಿಲ್‌ಲೆ ಬರದಿಟ್ಟಿದ್ರ ಅದು ತಪ್ಪಿಸ್ಕೊಳ್ಳಾಕ ಆಗಂಗಿಲ್ಲ.

4. ಚಿತ್ರ ತಗೀರಿ, ಛಂದ ಆಗದಿದ್ರೂ ಸರಿ

ಇದಕ್ಕ ಹೆಚ್ಚಿನವ್ರು ಹೆದರ್ತಾರ. ನನ್ನ ಕ್ಲಾಸಿನ್ಯಾಗೂ ಹಂಗ, "ಸರ್ ನನಗ ಚಿತ್ರ ಬರಂಗಿಲ್ಲ" ಅನ್ನಾವ್ರ ಜಾಸ್ತಿ. ಇಲ್ಲಿ ಚಿತ್ರ ಮಾರಾಕ ಹೊಂಟಿಲ್ಲ, ಕಣ್ಣಿಗೆ ಕೆಲಸ ಕೊಡಾಕ ಹೊಂಟೀವಿ. ಒಂದು ಎಲಿ ಬರಿಯೂವಾಗ ಪೆನ್ಸಿಲ್ ಪ್ರತಿ ಸೆಂಟಿಮೀಟರಿಗೂ ಕೇಳ್ತೈತಿ, ಇಲ್ಲಿ ಅಂಚು ಗರಗಸದಂಗ ಐತೋ ನುಣ್ಣಗ ಐತೋ, ನರ ಅಂಚಿಗೆ ಮುಟ್ಟತೈತೋ ಮೊದಲ ಬಾಗತೈತೋ. ಉತ್ತರ ಕೊಡಾಕ ಮತ್ತ ಎಲಿ ನೋಡಬೇಕು. ಹತ್ತು ಸೆಕೆಂಡು ಎಲಿ ನೋಡ್ರಿ, ಎರಡು ಸೆಕೆಂಡು ಕಾಗದ ನೋಡ್ರಿ, ಈ ಲೆಕ್ಕ ತಪ್ಪಿಸಬ್ಯಾಡ್ರಿ, ನಮ್ಮ ಹುಡುಗ್ರು ಮಾಡೂದು ಇದರ ಉಲ್ಟಾ.

ಮಿದುಳಿನ ನರಕೋಶದ ಚಿತ್ರ ತಗದ ಸ್ಪೇನಿನ ರಾಮೋನ್ ಇ ಕಹಾಲ್ ಸಣ್ಣವರಿದ್ದಾಗ ಚಿತ್ರಗಾರ ಆಗಬೇಕು ಅಂತಿದ್ರು, ಅವ್ರಪ್ಪ ಡಾಕ್ಟರಕಿ ಓದಿಸಿದ್ರು. ಇಟಲಿಯ ಗೋಲ್ಜಿ ಕಂಡುಹಿಡಿದ ಬಣ್ಣ ಹಚ್ಚೂ ಪದ್ಧತಿನ ಸುಧಾರಿಸಿಕೊಂಡು ಕಹಾಲ್ ನೋಡಿದ್ರು. ಗೋಲ್ಜಿಗೆ ನರಮಂಡಲ ಒಂದಕ್ಕೊಂದು ಕೂಡಿದ ಬಲಿಯಂಗ ಕಂಡ್ತು, ಕಹಾಲ್‌ಗೆ ಬ್ಯಾರೆ ಬ್ಯಾರೆ ಗಿಡ ಟೊಂಗಿ ಚಾಚಿ ನಿಂತಂಗ ಕಂಡ್ತು. ಬಣ್ಣ ಒಂದ, ಸೂಕ್ಷ್ಮದರ್ಶಕ ಒಂದ ಥರದ್ದು, ಕಂಡದ್ದು ಎರಡು. 1906ರಾಗ ಇಬ್ರಿಗೂ ಕೂಡೇ ನೊಬೆಲ್ ಬಂತು, ಮುಂದ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಂದ ಮ್ಯಾಲ ಕೋಶದ ನಡುವ ಸಂದು ಇರೂದು ಕಂಡು ಕಹಾಲ್ ಹೇಳಿದ್ದು ಸರಿ ಅಂತಾತು. ಅವ್ರು ಸಾವಿರಗಟ್ಟಲೆ ಚಿತ್ರ ಕೈಲೆ ಬರದಿದ್ರು, ಒಂದ ಕೋಶವನ್ನ ಮತ್ತ ಮತ್ತ ನೋಡಿ ಬರದ ಕೈ ಅದು.

ಹುಳ ಬರಿಯೂದಿದ್ರ ಅದು ತಿನ್ನೂ ಗಿಡದ ಜೋಡಿನ ಬರೀರಿ, ಇದು ಜರ್ಮನಿಯ ಚಿತ್ರಗಾರ್ತಿ ಮರಿಯಾ ಸಿಬಿಲ್ಲಾ ಮೇರಿಯನ್ ಕಲಿಸಿದ ಪಾಠ. ಹುಳ ಕೆಸರಿನ್ಯಾಗಿಂದ ತಾನ ಹುಟ್ಟತಾವ ಅಂತ ಯುರೋಪಿನ್ಯಾಗ ಇನ್ನೂ ಭಾಳ ಮಂದಿ ನಂಬಿದ್ದ ಕಾಲ, ಆಕಿ 13 ವಯಸ್ಸಿನ್ಯಾಗ ರೇಷ್ಮಿ ಹುಳ ಸಾಕಿ ಬರಿಯಾಕ ಶುರು ಮಾಡಿದಾಕಿ, 1699ರಾಗ 52 ವಯಸ್ಸಿನ್ಯಾಗ ಮಗಳನ್ನ ಕರಕೊಂಡು ಸಮುದ್ರ ದಾಟಿ ದಕ್ಷಿಣ ಅಮೆರಿಕಾದ ಸುರಿನಾಮಿಗೆ ಹೋದ್ಲು. ತತ್ತಿ, ಹುಳ, ಕೋಶ, ಪಾತರಗಿತ್ತಿ, ಅದು ತಿನ್ನೂ ಗಿಡ, ಎಲ್ಲಾ ಒಂದ ಹಾಳಿ ಮ್ಯಾಲ. ನಮ್ಮಲ್ಲಿ ರಸ್ತೆ ಬಾಜೂಕ ಎಕ್ಕಿ ಗಿಡ ಎಲ್ಲಿ ನೋಡಿದ್ರೂ ಬೆಳೀತಾವ, ಎಲಿ ತಿಂದು ತೂತು ಬಿದ್ದಿದ್ರ ಬಗ್ಗಿ ನೋಡ್ರಿ, ಕಪ್ಪು ಬಿಳಿ ಹಳದಿ ಪಟ್ಟಿ ಇರೂ ಹುಳ ಸಿಗಬಹುದು, ಅದು ಕಿತ್ತಳಿ ಬಣ್ಣದ ಪ್ಲೇನ್ ಟೈಗರ್ ಪಾತರಗಿತ್ತಿ ಆಗೂದು. ಅದನ್ನ ಹಿಡದು ಡಬ್ಬಿಗೆ ಹಾಕೂ ಅವಶ್ಯ ಇಲ್ಲ, ದಿನಾ ಅದ ಗಿಡಕ್ಕ ಹೋದ್ರ ಸಾಕು.

5. ಅನಿಸಿಕೆಯಿಂದ ಪ್ರಶ್ನೆ ತಗೀರಿ

ಇಲ್ಲಿ ಸ್ವಲ್ಪ ನಿಧಾನ ಮಾಡೂಣು, ಕಲೆ ಮತ್ತ ವಿಜ್ಞಾನ ಕೂಡೂ ಜಾಗ ಇದ. "ಛಂದ ಐತಿ" ಅನ್ನೂದು ಪ್ರಶ್ನೆ ಆಗಂಗಿಲ್ಲ. "ಇದು ಅದರಂಗ ಐತಿ" ಅನ್ನೂದು ಆಗ್ತೈತಿ, ಯಾಕಂದ್ರ ಖರೇನ ಅದರಂಗ ಇದ್ರ ಇನ್ನೇನೇನು ಕಾಣಬೇಕು ಅಂತ ಕೇಳಬಹುದು.

ಉದಾಹರಣೆಗೆ ದಾಸಾಳ ತಗೋರಿ. ಎರಡು ಹೂವು ಬೇಕು, ಒಂದು ಸಾದಾ ದಾಸಾಳ ಐದು ಎಸಳಿಂದು, ಒಂದು ಎಸಳು ತುಂಬಿದ ಮುದ್ದಿ ದಾಸಾಳ. ದೇವರಿಗೆ ಏರಿಸಿ ಮರುದಿನ ತಗದ ಹೂವಾದ್ರೂ ನಡೀತೈತಿ. ಸಾದಾ ಹೂವಿನ ನಡುವ ಉದ್ದ ಕೋಲು ಐತಲ್ಲಾ, ಅದರ ಸುತ್ತ ಹಳದಿ ಪುಡಿ ಹಿಡಕೊಂಡ ಸಣ್ಣ ಸಣ್ಣ ಕೇಸರ ಇರ್ತಾವ, ತುದಿಗೆ ಐದು ಗುಂಡು. ಇದನ್ನ ಬರೀರಿ. ಈಗ ಮುದ್ದಿ ದಾಸಾಳ ನೋಡ್ರಿ, ಎಡಗಡೆ ಪುಟದಾಗ ಅನಿಸಿದ್ದು ಬರೀರಿ. ನಮ್ಮ ಏಳನೇ ಕ್ಲಾಸಿನ ಹುಡುಗಿ ಒಬ್ಬಾಕಿ ಬರದಿದ್ಲು, "ಇದರ ಕೋಲು ಸೀರಿ ಉಟ್ಟೈತಿ" ಅಂತ. ನನಗ ಆ ಮಾತು ಭಾಳ ಹಿಡಿಸ್ತು. ಪ್ರಶ್ನೆ ಏನಾತು ಅಂದ್ರ, ಸೀರಿ ಎಲ್ಲಿಂದ ಬಂತು? ಹೆಚ್ಚಿನ ಎಸಳು ಹೊಸದಾಗಿ ಹುಟ್ಟಿದ್ವೋ ಇಲ್ಲಾ ಕೇಸರನ ಎಸಳಾದ್ವೋ? ಎರಡನೇದು ಖರೇ ಇದ್ರ ಎಲ್ಲರ ಒಂದು ಕಡೆ ಅರ್ಧ ಎಸಳು ಅರ್ಧ ಕೇಸರ ಆಗಿರೂ ತುಣುಕು ಸಿಗಬೇಕು. ಒಂದೊಂದ ಎಸಳು ಬಿಡಿಸಿ ಕಾಗದದ ಮ್ಯಾಲ ಸಾಲಾಗಿ ಇಡ್ರಿ, ಹೊರಗಿನಿಂದ ಒಳಗ. ಒಳಗಿನ ಸುತ್ತಿನ್ಯಾಗ ಸಣ್ಣ, ಸುಕ್ಕುಗಟ್ಟಿದ ಎಸಳು ಬರ್ತಾವ, ಕೆಲವುದರ ಅಂಚಿಗೆ ಹಳದಿ ಪರಾಗದ ಚೀಲ ಅಂಟಿಕೊಂಡಂಗ ಇರ್ತೈತಿ. ಭೂತಗನ್ನಡಿ ಹಿಡದು ಅದನ್ನ ಕಂಡಾಗ ಆ ಹುಡುಗಿ ಮಾರಿ ನೋಡಬೇಕಿತ್ತು ನೀವು.

ಜರ್ಮನಿಯ ಕವಿ ಗಯಟೆ ಇಂಥ ತುಂಬಿದ ಹೂವು ನೋಡಿನ 1790ರಾಗ ಬರದಿದ್ರು, ಗಿಡದ ಎಲಿ, ಎಸಳು, ಕೇಸರ ಎಲ್ಲಾ ಮೂಲದಾಗ ಒಂದ ಅಂಗ, ರೂಪ ಬದಲಿಸಿಕೊಂಡು ಬರ್ತೈತಿ ಅಂತ. ಕವಿಯ ಕಣ್ಣಿಗೆ ಕಂಡದ್ದು ಅದು. ಸುಮಾರು 200 ವರ್ಷ ಆದ ಮ್ಯಾಲ, ಸಾಸಿವಿ ಬಳಗದ ಅರಾಬಿಡಾಪ್ಸಿಸ್ ಅನ್ನೂ ಸಣ್ಣ ಗಿಡದಾಗ ಜೀನ್ ಪರೀಕ್ಷೆ ಮಾಡಿದ್ರು. ಒಂದು ಜೀನ್ ಕೆಟ್ಟರ ಕೇಸರದ ಜಾಗದಾಗ ಎಸಳು ಬರ್ತಾವ, ಹೂವಿನ ಜೀನ್ ಮೂರೂ ಗುಂಪು ಕೆಟ್ಟರ ಹೂವಿನ ಎಲ್ಲಾ ಸುತ್ತಿನ್ಯಾಗ ಎಲಿಯಂಥವ ಬರ್ತಾವ. ಗಯಟೆಗೆ ಜೀನ್ ಗೊತ್ತಿರ್ಲಿಲ್ಲ, ಆದ್ರ ಅವ್ರು ಹೂವು ಬಿಡಿಸಿ ಸಾಲಾಗಿ ಇಟ್ಟು ನೋಡಿದ್ರು, ನಾವು ಈಗ ಮಾಡಿದ್ವಲ್ಲಾ ಹಂಗ.

ದಾಸಾಳ ಸಿಗದಿದ್ರ ಕಂಪೌಂಡಿನ ಮ್ಯಾಲ ಹಬ್ಬಿರೂ ಕಾಗದದ ಹೂವು, ಬೋಗನ್‌ವಿಲ್ಲಾ, ಕಿತ್ಕೊಂಡು ಬರ್ರಿ. ಗುಲಾಬಿ ಬಣ್ಣದ್ದು ಹೂವಲ್ಲ, ಬಣ್ಣ ಬಂದ ಎಲಿ. ನರ ಹೋಲಿಸಿ ನೋಡ್ರಿ ಹಸರು ಎಲಿ ಜೋಡಿ. ಖರೇ ಹೂವು ಅದರ ನಡುವ ಬೆಳ್ಳಗ ಸಣ್ಣದಾಗಿ ಐತಿ.

6. ಈಗ ಅಳೀರಿ

ಮತ್ತ ನಮ್ಮ ಹೊಲಕ್ಕ ಬರ್ತೀನಿ. ಬಿರಕು ಅಳಿಯೂ ಕ್ರಮ ಹಿಂಗ ಮಾಡಿದ್ವಿ. ಹತ್ತು ಮೀಟರ್ ಹಗ್ಗ ಕಣ್ಣು ಮುಚ್ಚಿ ಒಗದ್ವಿ, ಎಲ್ಲಿ ಬಿತ್ತೋ ಅಲ್ಲಿ ನೆಟ್ಟಗ ಎಳದ್ವಿ, ಹಗ್ಗದ ಆಚೆ ಈಚೆ ಒಂದು ಗೇಣಿನೊಳಗ ಬಿರಕು ಕೂಡೂ ಜಾಗ ಎಷ್ಟದಾವೋ ಎಲ್ಲಾ ಅಳದ್ವಿ. ಎಲ್ಲಾ ಅಂದ್ರ ಎಲ್ಲಾ, ಛಂದ ಇದ್ದದ್ದು ಅಷ್ಟ ಆರಿಸ್ಕೊಂಡ್ರ ಆಟ ಮುಗೀತು, ನನ್ನಂಥವನ ಕೈ ಅಂತೂ ತಾನಾಗಿ ಜೇನುಗೂಡಿನ ಕಡೆ ಓಡ್ತೈತಿ. ಕೂಡೂ ಜಾಗಕ್ಕ ಕೋನಮಾಪಕ ಇಟ್ಟು ಮೂರೂ ಕೋನ ಬರೀರಿ, ಕೂಡಿಸಿದ್ರ 360 ಬರಬೇಕು, ಐದು ಹತ್ತು ಡಿಗ್ರಿ ಹೆಚ್ಚುಕಡಿಮಿ ಆದ್ರ ಪರವಾಗಿಲ್ಲ, 30 ಡಿಗ್ರಿ ತಪ್ಪಿದ್ರ ಮತ್ತ ಅಳೀರಿ. ಒಂದು ಕೋನ 180ರ ಹತ್ರ, ಉಳದೆರಡು 90ರ ಹತ್ರ ಇದ್ರ ಅದು ಟಿ. ಮೂರೂ 120ರ ಹತ್ರ ಇದ್ರ ವೈ. ಜೇನುಗೂಡಿನ್ಯಾಗ ಎಲ್ಲಾ ವೈ ಇರಬೇಕು. ನಮ್ಮ ಹೊಲದಾಗ ಹೆಚ್ಚಾಗಿ ಟಿನ ಸಿಕ್ಕು.

ಯಾಕ ಟಿ? ನಾಕು ಕಡೆಯಿಂದ ಜಗ್ಗಿ ಹಿಡದ ಅರಿವಿ ಅನ್ಕೋರಿ. ನಡುವ ಒಂದು ಉದ್ದ ಹರಕು ಬಿದ್ರ, ಆ ಹರಕಿನ ಅಂಚಿನ್ಯಾಗ ಅಡ್ಡ ಜಗ್ಗಾಟ ಸಡಿಲ ಆಗ್ತೈತಿ, ಉದ್ದಕ್ಕ ಇರೂ ಜಗ್ಗಾಟ ಅಷ್ಟ ಉಳೀತೈತಿ. ಒಣಗೂ ಮಣ್ಣೂ ಹಂಗ, ಮೊದಲು ಬಿಟ್ಟ ಬಿರಕಿನ ಹತ್ರ ಬರೂ ಎರಡನೇ ಬಿರಕು ಹೊರಳಿ ನೆಟ್ಟಗ ಅದಕ್ಕ ಹಾಯ್ತೈತಿ. ಅದಕ್ಕ ಟಿ ನೋಡಿದ್ರ ಯಾವ ಬಿರಕು ಹಿರೇದು ಯಾವುದು ಕಿರೇದು ಅಂತ ಹೇಳಬಹುದು, ನೆಟ್ಟಗ ಹಾಯ್ದು ಹೋದದ್ದು ಅಣ್ಣ, ಬಂದು ನಿಂತದ್ದು ತಮ್ಮ.

ಹಂಗಾದ್ರ ನಾನು ಫೋಟೋದಾಗ ಕಂಡ ಜೇನುಗೂಡು ಸುಳ್ಳೇನು? ಅದೂ ಖರೇನ. ಒಂದ ಮಣ್ಣು ಮತ್ತ ಮತ್ತ ನೆನದು ಒಣಗಿದ್ರ ಬಿರಕು ಪ್ರತಿ ಸರ್ತಿ ಸ್ವಲ್ಪ ಸ್ವಲ್ಪ ಸರದು, ಟಿ ಇದ್ದದ್ದು ನಿಧಾನಕ ವೈ ಆಗೂದನ್ನ ಪ್ರಯೋಗಾಲಯದಾಗ ನೋಡ್ಯಾರ. ನಮ್ಮ ಹೊಲ ವರ್ಷಾ ರಂಟಿ ಹೊಡಸ್ಕೊಳ್ಳೂ ಹೊಲ, ಹಳೇ ಬಿರಕು ಪ್ರತಿ ವರ್ಷ ಅಳಿಸಿ ಹೋಗ್ತಾವ, ಹೊಸದಾಗಿ ಶುರುವಾತು. ಅದಕ್ಕ ಅಕ್ಕನ ಮಗಳು ಎಡಗಡೆ ಪುಟದಾಗ ಬರದ್ಲು, "ರಂಟಿ ಮುಟ್ಟದ ಕೆರಿ ಅಂಗಳದಾಗ ವೈ ಜಾಸ್ತಿ ಇರಬೇಕು." ಇದು ನನಗ ಅವತ್ತಿನ ದೊಡ್ಡ ಸಂತೋಷ, ಕೋನಮಾಪಕ ಹಿಡದು ಬಂದ ಹುಡುಗಿ ಈಗ ಅನಿಸಿದ್ದು ಬರಿಯಾಕತ್ತಿದ್ಲು. ಮುಂದಿನ ವಾರ ಊರ ಕೆರಿಗೆ ಹೋದ್ವಿ, ನೀರು ಇಂಗಿದ ಕಡೆ ವೈ ಹೊಲಕ್ಕಿಂತ ಜಾಸ್ತಿ ಕಂಡ್ವು, ಆದ್ರ ದನ ಅಡ್ಡಾಡಿ ಅರ್ಧ ತುಳದಿದ್ವು, ಇಷ್ಟರ ಮ್ಯಾಲ ಖಾತ್ರಿ ಅಂತ ಬರೀಬಾರದು ಅಂತ ಬಲಗಡೆ ಪುಟ ಖಾಲಿ ಬಿಟ್ಟೀವಿ.

ಕೆರಿಗೆ ಹೋಗಾಕ ಆಗದವ್ರು ಮನ್ಯಾಗ ಮಾಡ್ರಿ. ಒಂದು ಹಳೇ ತಾಟು, ಎರಿಮಣ್ಣು ಜರಡಿ ಹಿಡದು ನೀರಾಗ ಕಲಸಿ ಒಂದು ಬಟ್ಟ ದಪ್ಪ ಹರಡ್ರಿ, ಬಿಸಲಿಗೆ ಇಡ್ರಿ, ಬಿರಕು ಬಿಟ್ಟ ಮ್ಯಾಲ ಫೋಟೋ ತಗೀರಿ, ಕೋನ ಬರೀರಿ, ಮತ್ತ ಮ್ಯಾಲಿಂದ ನೀರು ಚಿಮಕಿಸಿ ಬಿರಕು ಮುಚ್ಚಲಿ, ಮತ್ತ ಒಣಗಿಸ್ರಿ. ಹಿಂಗ ಹತ್ತು ಸರ್ತಿಗಿಂತ ಜಾಸ್ತಿ. ತಾಳ್ಮಿ ಬೇಕು, ಬ್ಯಾಸಗಿ ಸೂಟಿಗೆ ಮಕ್ಕಳ ಕೈಯಾಗ ಕೊಟ್ರ ಛಲೋ ಕೆಲಸ.

7. ನಿಮ್ಮ ಕಣ್ಣನ್ನೂ ಪರೀಕ್ಷೆ ಮಾಡ್ರಿ

ಹೊಲದಾಗ ನನಗ ಆದದ್ದು ಭಾಳ ದೊಡ್ಡ ದೊಡ್ಡವ್ರಿಗೂ ಆಗೈತಿ. 1877ರಾಗ ಮಿಲಾನಿನ ಸ್ಕಿಯಾಪರೆಲ್ಲಿ ದುರ್ಬೀನಿನ್ಯಾಗ ಮಂಗಳ ಗ್ರಹ ನೋಡಿ ಉದ್ದ ಉದ್ದ ಗೆರಿ ಬರದ್ರು. ಅವ್ರು ಬಳಸಿದ ಇಟಾಲಿಯನ್ ಶಬ್ದ ಇಂಗ್ಲೀಷಿಗೆ ಹೋಗೂದ್ರೊಳಗ "ಕಾಲುವಿ" ಆತು. ಅಮೆರಿಕಾದ ಲೋವೆಲ್ 1894ರಾಗ ಅರಿಜೋನಾದಾಗ ಅದಕ್ಕಂತ ವೀಕ್ಷಣಾಲಯ ಕಟ್ಟಿಸಿ, ಅಲ್ಲಿ ಯಾರೋ ಬುದ್ಧಿವಂತರು ನೀರಾವರಿ ಮಾಡ್ಯಾರ ಅಂತ ವರ್ಷಾನುಗಟ್ಟಲೆ ಹೇಳಿದ್ರು, ಕಾಲುವಿ ನಕಾಶೆ ಬರದ್ರು. ಸುಳ್ಳು ಹೇಳೂ ಮನುಷ್ಯ ಅಲ್ಲ ಅವ್ರು, ಕಂಡದ್ದ ಬರದ್ರು. 1965ರಾಗ ಮ್ಯಾರಿನರ್ 4 ನೌಕೆ ಹತ್ರದಿಂದ ಫೋಟೋ ಕಳಿಸಿದಾಗ ಕಂಡದ್ದು ತಗ್ಗು ಗುಂಡಿ, ಕಾಲುವಿ ಒಂದೂ ಇಲ್ಲ.

ಆದ್ರ ಅದಕ್ಕೂ ಮೊದಲ, 1903ರಾಗ, ಇಂಗ್ಲೆಂಡಿನ ಮೌಂಡರ್ ಅನ್ನೂ ಖಗೋಳಶಾಸ್ತ್ರಜ್ಞರು ಗ್ರೀನಿಚ್ಚಿನ ಒಂದು ಸಾಲಿ ಹೆಡ್‌ಮಾಸ್ತರ ಜೋಡಿ ಸೇರಿ ಒಂದು ಪರೀಕ್ಷೆ ಮಾಡಿದ್ರು. ಒಂದು ದುಂಡ ಚಿತ್ರದಾಗ ಬರೇ ಚುಕ್ಕಿ, ಮಸುಕು ಕಲೆ ಹಾಕಿ ಗೋಡಿಗೆ ಹಚ್ಚಿ ಹುಡುಗ್ರನ್ನ ಬ್ಯಾರೆ ಬ್ಯಾರೆ ದೂರದಾಗ ಕೂಡ್ರಿಸಿ ಬರೀರಿ ಅಂದ್ರು. ಹತ್ರ ಕುಂತವ್ರಿಗೆ ಚುಕ್ಕಿ ಕಂಡ್ವು, ನಡುವ ಕುಂತವ್ರು ಭಾಳ ಮಂದಿ ಗೆರಿ ಎಳದ್ರು. ಚಿತ್ರದಾಗ ಗೆರಿನ ಇರ್ಲಿಲ್ಲ. ಕಣ್ಣು ಸರಿಯಾಗಿ ಕಾಣದ ಚುಕ್ಕಿಗಳನ್ನ ತಾನ ಜೋಡಿಸಿ ಗೆರಿ ಮಾಡ್ತೈತಿ.

ಇದನ್ನ ನೀವೂ ಮಾಡ್ರಿ, ಚಾರ್ಟ್ ಪೇಪರ್ ಮ್ಯಾಲ ದೊಡ್ಡ ವರ್ತುಲ, ಒಳಗ ಪೆನ್ಸಿಲ್‌ಲೆ ಅಡ್ಡಾದಿಡ್ಡಿ ಚುಕ್ಕಿ, ಅಲ್ಲಲ್ಲಿ ಬಟ್ಟಲೆ ತಿಕ್ಕಿದ ಮಸುಕು. ಸಾಲಿ ವರಾಂಡದಾಗ ಹಚ್ಚಿ, ಮೂರು ಮೀಟರ್, ಆರು ಮೀಟರ್, ಹತ್ತು ಮೀಟರ್ ದೂರದಾಗ ಮಕ್ಕಳನ್ನ ಕೂಡ್ರಿಸ್ರಿ, ಒಬ್ರದು ಒಬ್ರು ನೋಡಬಾರದು. ಆಮ್ಯಾಲ ಎಲ್ಲಾ ಹಾಳಿ ಸಾಲಾಗಿ ನೆಲದ ಮ್ಯಾಲ ಇಟ್ಟು ನೋಡ್ರಿ. ನನ್ನ ಕ್ಲಾಸಿನ ಹುಡುಗ್ರು ಇದನ್ನ ಮಾಡಿದ ಮ್ಯಾಲ "ಸರ್ ನನಗ ಹಂಗ ಕಂಡ್ತು" ಅನ್ನೂದರ ಜೋಡಿ "ಎಷ್ಟು ದೂರದಿಂದ" ಅಂತ ತಾವ ಹೇಳಾಕ ಶುರು ಮಾಡಿದ್ರು. ನೋಟ್‌ಬುಕ್ಕಿನ್ಯಾಗ ದೂರ ಬರಿಯೂ ರೂಢಿ ಅಲ್ಲಿಂದ ಬಂತು. ಸಾಧ್ಯ ಇದ್ರ ಒಂದ ವಸ್ತುವನ್ನ ಇಬ್ರು ಮಾತಾಡದ ಬರೀರಿ, ಇಬ್ರ ಚಿತ್ರದಾಗೂ ಇದ್ದದ್ದಕ್ಕ ಒಂದು ಗುರ್ತು ಹಾಕ್ರಿ, ಒಬ್ರದ್ರಾಗ ಅಷ್ಟ ಇದ್ದದ್ದಕ್ಕ ಮತ್ತ ಹೋಗಿ ನೋಡ್ರಿ.

8. ಅಂದಾಜು ಪಳಗಿಸೂದು

ಅನಿಸಿಕಿ ಹುಟ್ಟುಗುಣ ಅಂತ ಬಿಡಬ್ಯಾಡ್ರಿ, ಅದನ್ನ ಪಳಗಿಸಾಕ ಬರ್ತೈತಿ. ತಾಟಿನ್ಯಾಗ ಒಂದು ಮುಟಗಿ ಜ್ವಾಳ ಚೆಲ್ರಿ, ಮೂರು ಸೆಕೆಂಡು ನೋಡಿ ಎಷ್ಟದಾವ ಅಂತ ಬರೀರಿ, ಆಮ್ಯಾಲ ಎಣಿಸ್ರಿ. ದಿನಾ ಐದು ಸರ್ತಿ, ಒಂದು ವಾರ. ಶುರುವಾತಿಗೆ ಅರ್ಧಕ್ಕರ್ಧ ತಪ್ಪತೈತಿ, ಹೋಗ್ತಾ ಹೋಗ್ತಾ ಹತ್ರ ಬರ್ತೈತಿ. ಹತ್ತು ಕಾಳಿನ ಗುಂಪು ಕಣ್ಣಾಗ ಕುಂದ್ರಬೇಕು, ಅಂಥ ಗುಂಪು ಎಷ್ಟು ಅಂತ ನೋಡಬೇಕು.

ಇದು ಉಪಯೋಗಕ್ಕ ಬರೂದು ಮಾಗಡಿ ಕೆರಿಯಾಗ. ಗದಗ ಜಿಲ್ಲಾ ಶಿರಹಟ್ಟಿ ತಾಲೂಕಿನ ಈ ಕೆರಿ 2024ರಾಗ ರಾಮ್ಸಾರ್ ಪಟ್ಟಿಗೆ, ಅಂದ್ರ ಜಗತ್ತಿನ ಮಹತ್ವದ ಕೆರಿ, ಜೌಗು ಜಾಗದ ಪಟ್ಟಿಗೆ, ಸೇರೈತಿ. ಚಳಿಗಾಲಕ್ಕ ಅಲ್ಲಿ ಪಟ್ಟಿ ತಲಿ ಹೆಬ್ಬಾತು ಬರ್ತಾವ, ಮಧ್ಯ ಏಷ್ಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ. ಈ ಜಾತಿ ಹಕ್ಕಿ 7000 ಮೀಟರಿಗಿಂತ ಮ್ಯಾಲ ಹಾರಿದ್ದು ದಾಖಲಾಗೈತಿ. ಬೆಳ್ಳಗಿನ ತಲಿ ಮ್ಯಾಲ ಎರಡು ಕಪ್ಪು ಪಟ್ಟಿ, ಅದನ್ನ ಮೊದಲ ಬರೀರಿ. ಗುಂಪು ಎದ್ದಾಗ ಅಂದಾಜು ಎಡಗಡೆ ಬರೀರಿ, ಈಗ ಮೊಬೈಲ್ ತಗದು ಫೋಟೋ ಹೊಡೀರಿ, ಮನಿಗೆ ಬಂದು ಫೋಟೋ ಮ್ಯಾಲ ಚುಕ್ಕಿ ಇಟ್ಟು ಎಣಿಸಿ ಬಲಗಡೆ ಬರೀರಿ. ಕೆರಿ ದಂಡಿಗೆ ಜೋರು ಮಾತಾಡಬ್ಯಾಡ್ರಿ, ಹತ್ರ ಹೋಗಿ ಎಬ್ಬಿಸಬ್ಯಾಡ್ರಿ, ಅಷ್ಟು ದೂರ ಹಾರಿ ಬಂದಾವ ಅವು.

9. ಬಣ್ಣದ ಬಾಜೂಕ ಟೈಮು

ಸಂಜಿ ಆರರ ಸುಮಾರಿಗೆ ಕೆಂಪು ದಾಸಾಳದ ಗಿಡದ ಮುಂದ ಕುರ್ಚಿ ಹಾಕ್ಕೊಂಡು ಕುಂದ್ರಿ. ಹೂವು ಎದ್ದು ಕಾಣ್ತೈತೋ ಎಲಿ ಎದ್ದು ಕಾಣ್ತೈತೋ ಅಂತ ಐದೈದು ನಿಮಿಷಕ್ಕ ಬರೀರಿ, ಲೈಟ್ ಹಚ್ಚಬ್ಯಾಡ್ರಿ. ಕತ್ತಲಾಗ್ತಾ ಕೆಂಪು ಕರ್‍ರಗಾಗಿ ಹಿಂದ ಸರೀತೈತಿ, ಎಲಿ ಬೂದು ಬಣ್ಣದಾಗ ಇನ್ನೂ ತಿಳಿಯಾಗಿ ಉಳೀತೈತಿ. ಮಬ್ಬಿನ್ಯಾಗ ಕೆಲಸ ಮಾಡೂ ನಮ್ಮ ಕಣ್ಣಿನ ಕೋಶಕ್ಕ ಕೆಂಪು ಬೆಳಕು ಹೆಚ್ಚುಕಡಿಮಿ ಕಾಣಂಗಿಲ್ಲ. 19ನೇ ಶತಮಾನದ ಶುರುವಾತಿಗೆ ಪುರ್ಕಿನ್ಯೆ ಅನ್ನೂ ಜೆಕ್ ವಿಜ್ಞಾನಿ ಇದನ್ನ ಗುರ್ತಿಸಿದ್ರು. ಇದನ್ನ ಒಂದ ಸರ್ತಿ ಕಂಡ್ರ, ಮುತ್ತಲ ಹೂವಿನ ಬಣ್ಣ ಟೈಮ್ ಹಾಕದ ಬರಿಯಾಕ ಮನಸು ಬರಂಗಿಲ್ಲ.

10. ವರ್ಷಗಟ್ಟಲೆ

ಮುಂಗಾರು ಶುರುವಾದ ಮ್ಯಾಲ ಬಾವಿ ಮ್ಯಾಲಿನ ಜಾಲಿ ಗಿಡದಾಗ ಗೀಜಗ ಗೂಡು ಕಟ್ಟತಾವ. ಗಂಡು ಅರ್ಧ ಕಟ್ಟಿ ರೆಕ್ಕಿ ಬಡದು ಹೆಣ್ಣನ್ನ ಕರೀತೈತಿ, ಹೆಣ್ಣು ಬಂದು ನೋಡಿ ಒಪ್ಪಿದ್ರ ಅಷ್ಟ ಉಳದ ಕೊಳವಿ ಕಟ್ಟೂದು, ಒಪ್ಪದ ಗೂಡು ಟೋಪಿಯಂಗ ಅರ್ಧಕ್ಕ ಜೋತಾಡ್ತಾವ. ಗಿಡದ ಸುತ್ತ ಒಂದು ವರ್ತುಲ ಬರದು ಮೂಡಲ, ಪಡುವಲ, ಬಡಗ, ತೆಂಕ ಗುರ್ತು ಮಾಡಿ, ಯಾವ ದಿಕ್ಕಿಗೆ ಎಷ್ಟು ಗೂಡು, ಪೂರ್ತಿ ಎಷ್ಟು, ಟೋಪಿ ಎಷ್ಟು ಅಂತ ತುಂಬ್ರಿ. ನಮ್ಮಲ್ಲಿ ಮಳಿಗಾಳಿ ಪಡುವಲದಿಂದ ಬೀಸತೈತಿ, ಎಣಿಸೂಕಿಂತ ಮೊದಲ ನಿಮ್ಮ ಅಂದಾಜು ಎಡಗಡೆ ಬರೀರಿ ಮತ್ತ. ದೂರದಿಂದ ನೋಡ್ರಿ, ಟೊಂಗಿ ಜಗ್ಗಬ್ಯಾಡ್ರಿ. ಮುತ್ತಲ ಮೊದಲ ಹೂವು ಯಾವ ತಾರೀಖಿಗೆ, ಬೇವು ಯಾವಾಗ ಚಿಗರ್ತು, ಇವನ್ನ ನೋಟ್‌ಬುಕ್ಕಿನ ಕಡೇ ಪುಟದಾಗ ಒಂದ ಪಟ್ಟಿ ಮಾಡ್ರಿ, ವರ್ಷಕ್ಕೊಂದು ಸಾಲು.

ನಮ್ಮ ಹೊಲದ ಬದುವಿನ ಬಾಜೂಕ, ರಂಟಿ ಹಾಯದ ಕಡೆ, ಎರಡು ಮೀಟರ್ ಉದ್ದ ಅಗಲದ ಜಾಗಕ್ಕ ನಾಕು ಗೂಟ ಬಡದೀವಿ. ಅಣ್ಣ ಯಾಕ ಅಂತ ಕೇಳಿದ್ರು, ಹೇಳಿದ್ವಿ, "ಆತು, ದನ ಹೊಗದಂಗ ಜಾಲಿ ಮುಳ್ಳು ಹಚ್ಚತೀನಿ" ಅಂದು ಅವ್ರ ಹಚ್ಚಿದ್ರು. ಏಪ್ರಿಲ್ ಬಂದ್ರ ಮತ್ತ ಹಗ್ಗ, ಕೋನಮಾಪಕ ತಗೊಂಡು ಹೋಗ್ತೀವಿ. ಈ ಸರ್ತಿ ಎಡಗಡೆ ಪುಟದಾಗ ನಾನು ಬರದದ್ದು "ಇನ್ನೂ ಟಿನ ಜಾಸ್ತಿ", ಅಕ್ಕನ ಮಗಳು ಬರದದ್ದು "ಅರ್ಧ ವೈ ಆಗಿರ್ತಾವ".